ಪರದೆಯಲ್ಲಿ ಬಿಳಿ, ಆಲ್ಬಮ್‌ನಲ್ಲಿ ಹಳದಿ: ಫೋಟೊ ಎಡಿಟಿಂಗ್‌ಗೆ ಯಾವ ಮಾನಿಟರ್?

ಪ್ರಶ್ನೆ: ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಮೇಲುಕೋಟೆ ಕಡೆ ಪ್ರಿ-ವೆಡ್ಡಿಂಗ್ ಕೆಲಸ. ಆಲ್ಬಮ್ ಶೀಟ್‌ಗಳನ್ನು ನಾನೇ ಡಿಸೈನ್ ಮಾಡಿ ಮೈಸೂರಿನ ಲ್ಯಾಬ್‌ಗೆ ಕಳಿಸುತ್ತೇನೆ. ನನ್ನದು ಆರು ವರ್ಷ ಹಳೆಯ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಪರದೆಯಲ್ಲಿ ಚೆನ್ನಾಗಿರುವ ಫೋಟೊ ಪ್ರಿಂಟ್ ಆಗಿ ಬಂದಾಗ ಕಪ್ಪಾಗಿರುತ್ತದೆ. ಕೆನೆಬಣ್ಣದ ಧಾರೆ ಸೀರೆ ಹಳದಿ ಕಾಣುತ್ತದೆ. ಆರತಕ್ಷತೆಯ ಕೆಂಪು ರೇಷ್ಮೆ ಸೀರೆಯಲ್ಲಿ ನೆರಿಗೆಯೂ ಇಲ್ಲ, ಜರಿಯೂ ಇಲ್ಲ, ಪೇಂಟ್ ಬಳಿದ ಹಾಗಿರುತ್ತದೆ. ಎರಡು ಮದುವೆ ಮನೆಯವರು ಆಲ್ಬಮ್ ವಾಪಸ್ ತಂದರು. ಹೊಸ ಮಾನಿಟರ್‌ಗೆ 30,000 ರೂಪಾಯಿ ಇಟ್ಟುಕೊಂಡಿದ್ದೇನೆ. ಅಂಗಡಿಯವರು 32 ಇಂಚಿನ ಕರ್ವ್ಡ್, 165 ಹರ್ಟ್ಸ್, ಎಚ್‌ಡಿಆರ್ ಇರುವುದನ್ನು ತೋರಿಸುತ್ತಾರೆ. ಸ್ನೇಹಿತರೊಬ್ಬರು ಅಡೋಬಿ ಆರ್‌ಜಿಬಿ ಇಲ್ಲದಿದ್ದರೆ ದುಡ್ಡು ದಂಡ ಅನ್ನುತ್ತಾರೆ. ಇನ್ನೊಬ್ಬರು 4ಕೆ ಟಿವಿ ಹಾಕಿಕೋ ಅನ್ನುತ್ತಾರೆ. ಯಾವುದನ್ನು ತಗೊಳ್ಳಲಿ? ಕ್ಯಾಲಿಬ್ರೇಟರ್ ಬೇಕೇ ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಪ್ರಿಂಟ್ ಕಪ್ಪಾಗುತ್ತದೆ, ಬಿಳಿ ಹಳದಿಗೆ ತಿರುಗುತ್ತದೆ, ಕೆಂಪು ಸೀರೆಯ ವಿವರ ಹೋಗುತ್ತದೆ. ಮೂರಕ್ಕೂ ಒಂದೇ ಮದ್ದು ಅಂತ ಹೊಸ ಮಾನಿಟರ್ ಹುಡುಕುತ್ತಿದ್ದೀರಿ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲನೆಯದು ಈಗಿರುವ ಮಾನಿಟರ್‌ನಲ್ಲೇ, ಇವತ್ತೇ, ಬಹುಪಾಲು ಸರಿಹೋಗುತ್ತದೆ. ಎರಡನೆಯದಕ್ಕೆ ಒಳ್ಳೆಯ ಮಾನಿಟರ್ ಬೇಕು, ಅದರ ಬಣ್ಣವನ್ನು ಅಳತೆಗೆ ತರುವ ಕ್ಯಾಲಿಬ್ರೇಟರ್ ಎಂಬ ಸಾಧನವೂ ಬೇಕು. ಮೂರನೆಯದು ಲಕ್ಷ ರೂಪಾಯಿಯ ಮಾನಿಟರ್ ತಂದರೂ ಹಾಗೇ ಉಳಿಯಬಹುದು, ಏಕೆಂದರೆ ತಪ್ಪು ಫೈಲ್‌ನಲ್ಲೇ ಇದೆ. ದುಡ್ಡು ಕೈಬಿಡುವ ಮುಂಚೆ ಇದನ್ನು ನೀವೇ ಪರೀಕ್ಷಿಸಿ ನೋಡಬಹುದು.

ವಾಪಸ್ ಬಂದ ಆಲ್ಬಮ್‌ನ ಒಂದು ಶೀಟ್ ತೆಗೆದುಕೊಳ್ಳಿ. ಲ್ಯಾಬ್‌ಗೆ ಕಳಿಸಿದ್ದ ಅದೇ ಜೆಪೆಗ್ ಫೈಲನ್ನು ಫೋಟೊಶಾಪ್‌ನಲ್ಲಿ ತೆರೆದು, ಇನ್ಫೊ ಪ್ಯಾನೆಲ್ ಹಾಕಿಕೊಂಡು, ಮದುಮಗನ ಬಿಳಿ ಪಂಚೆಯ ಮೇಲೆ ಐಡ್ರಾಪರ್ ಇಡಿ. ನೆರಳಿಲ್ಲದ, ಬೆಳಕು ನೇರವಾಗಿ ಬಿದ್ದ ಜಾಗ ಇರಲಿ. ಕೆಂಪು, ಹಸಿರು, ನೀಲಿ ಮೂರೂ ಅಂಕಗಳು ಸರಿಸುಮಾರು ಒಂದೇ ಆಗಿದ್ದರೆ, ಉದಾಹರಣೆಗೆ 240, 239, 236, ಫೈಲ್‌ನಲ್ಲಿ ಬಿಳಿ ಬಿಳಿಯಾಗಿಯೇ ಇದೆ. ಹಳದಿ ಬಂದದ್ದು ಪ್ರಿಂಟ್‌ನಲ್ಲಿ ಅಥವಾ ನೀವು ಪ್ರಿಂಟ್ ನೋಡುವ ಬೆಳಕಿನಲ್ಲಿ. ಅಂಕಗಳು 243, 237, 212 ಅಂತ ಬಂದರೆ ಫೈಲೇ ಹಳದಿ. ನೀಲಿ ಕಡಿಮೆಯಾಗಿರುವುದೇ ಹಳದಿ. ನಿಮ್ಮ ಪರದೆ ಅದನ್ನು ಬಿಳಿ ಅಂತ ತೋರಿಸಿತು, ನೀವು ನಂಬಿದಿರಿ. ಪರದೆ ಸುಳ್ಳು ಹೇಳಬಹುದು, ಈ ಅಂಕಗಳು ಹೇಳುವುದಿಲ್ಲ. ಹಳೆಯ ನಾಲ್ಕೈದು ಆಲ್ಬಮ್‌ಗಳ ಫೈಲ್‌ಗಳಲ್ಲಿ ಹೀಗೆ ನೋಡಿ. ಎಲ್ಲದರಲ್ಲೂ ನೀಲಿ ಒಂದೇ ಪ್ರಮಾಣದಲ್ಲಿ ಕಡಿಮೆಯಿದ್ದರೆ ತಪ್ಪು ಬಹುಮಟ್ಟಿಗೆ ನಿಮ್ಮ ಮಾನಿಟರ್‌ನದು.

ಕಪ್ಪಾಗುವುದು ಏಕೆ

ಆಫೀಸ್ ಕೆಲಸದ ಮಾನಿಟರ್‌ಗಳು ಡಬ್ಬಿಯಿಂದ ಹೊರಬರುವಾಗ ಬ್ರೈಟ್‌ನೆಸ್ ಮುಕ್ಕಾಲು ಭಾಗಕ್ಕೋ ಪೂರ್ತಿಗೋ ಇಟ್ಟಿರುತ್ತಾರೆ. ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲಿ ಅಂತ. ಪರದೆಯ ಬೆಳಕನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇಂಥ ಮಾನಿಟರ್ ಪೂರ್ತಿ ಇಟ್ಟಾಗ ಸಾಮಾನ್ಯವಾಗಿ 250ರಿಂದ 300 ನಿಟ್ ಕೊಡುತ್ತದೆ. ಪ್ರಿಂಟ್‌ಗೆ ಹೋಗುವ ಫೋಟೊ ಎಡಿಟ್ ಮಾಡಲು ಬೇಕಾದ್ದು 80ರಿಂದ 120 ನಿಟ್ ಮಾತ್ರ. 250ಕ್ಕೂ 100ಕ್ಕೂ ಕ್ಯಾಮೆರಾ ಲೆಕ್ಕದಲ್ಲಿ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಹೆಚ್ಚು ವ್ಯತ್ಯಾಸ. ಕಣ್ಣು ಒಂದಷ್ಟು ಹೊಂದಿಕೊಳ್ಳುವುದರಿಂದ ಪೂರ್ತಿ ಅಷ್ಟು ಏರುಪೇರಾಗುವುದಿಲ್ಲ, ಆದರೆ ಅರ್ಧ ಸ್ಟಾಪ್ ತಪ್ಪಿದರೂ ಮದುಮಗಳ ಮುಖ ಮಂಕಾಗುತ್ತದೆ. ಪರದೆ ತನ್ನ ಬೆಳಕು ತಾನೇ ಸೂಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನು ಹಿಂದಿರುಗಿಸುವುದಷ್ಟೇ ಅದಕ್ಕೆ ಗೊತ್ತು. ಝಗಮಗಿಸುವ ಪರದೆಯ ಮುಂದೆ ಕೂತವರ ಕೈ ತಾನಾಗಿ ಎಕ್ಸ್‌ಪೋಷರ್ ಸ್ಲೈಡರನ್ನು ಎಡಕ್ಕೆ ಎಳೆಯುತ್ತದೆ, ಫೈಲ್ ಕಪ್ಪಾಗುತ್ತದೆ, ಲ್ಯಾಬ್ ಅದನ್ನು ಇದ್ದ ಹಾಗೇ ಪ್ರಿಂಟ್ ಮಾಡುತ್ತದೆ.

ಹಾಗಾಗಿ ಇವತ್ತೇ ಮಾನಿಟರ್ ಮೆನುಗೆ ಹೋಗಿ. ಮೊದಲು ಫ್ಯಾಕ್ಟರಿ ರೀಸೆಟ್ ಕೊಡಿ. ಡೈನಮಿಕ್ ಕಾಂಟ್ರಾಸ್ಟ್, ಇಕೊ ಮೋಡ್, ಲೋ ಬ್ಲೂ ಲೈಟ್, ಆಟೊ ಬ್ರೈಟ್‌ನೆಸ್ ಎಲ್ಲವನ್ನೂ ಆಫ್ ಮಾಡಿ. ವಿಂಡೋಸ್‌ನಲ್ಲಿ ನೈಟ್ ಲೈಟ್ ಮತ್ತು ಎಚ್‌ಡಿಆರ್ ಎರಡೂ ಆಫ್ ಇರಲಿ. ಬಣ್ಣದ ಮೋಡ್‌ನಲ್ಲಿ 'ಕೂಲ್' (ನೀಲಿ ಛಾಯೆಯ ಬಿಳಿ) ಇದ್ದರೆ ತೆಗೆದು 6500ಕೆ (ಹಗಲಿನ ಬಿಳಿ) ಅಥವಾ ಎಸ್‌ಆರ್‌ಜಿಬಿ ಮಾಡಿ. ಕಾಂಟ್ರಾಸ್ಟ್ ಮುಟ್ಟಬೇಡಿ. ಬ್ರೈಟ್‌ನೆಸ್ 25ರ ಆಸುಪಾಸಿಗೆ ಇಳಿಸಿ. ಕೆಲವು ಮಾನಿಟರ್‌ಗಳು ಎಸ್‌ಆರ್‌ಜಿಬಿ ಮೋಡ್‌ನಲ್ಲಿ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಹಾಗಾದರೆ ಯೂಸರ್ ಅಥವಾ ಕಸ್ಟಮ್ ಮೋಡ್‌ನಲ್ಲೇ ಮಾಡಿ. ಮೊದಲ ಎರಡು ದಿನ ಪರದೆ ಮಂಕು ಬಡಿದ ಹಾಗೆ ಅನ್ನಿಸುತ್ತದೆ. ಕಣ್ಣು ಒಗ್ಗಿಕೊಳ್ಳಲು ಬಿಡಿ.

ಎಚ್‌ಡಿಎಂಐ ಕೇಬಲ್‌ನಲ್ಲಿ ಇನ್ನೊಂದು ತೊಂದರೆ ಅಡಗಿರುತ್ತದೆ, ಇದನ್ನು ಗಮನಿಸುವವರು ಕಡಿಮೆ. ಗ್ರಾಫಿಕ್ಸ್ ಕಾರ್ಡ್ ಕೆಲವೊಮ್ಮೆ ಮಾನಿಟರನ್ನು ಟಿವಿ ಅಂದುಕೊಂಡು 0ಯಿಂದ 255ರ ಬದಲು 16ರಿಂದ 235ರ ನಡುವಿನ ಮಟ್ಟಗಳನ್ನು ಮಾತ್ರ ಕಳಿಸುತ್ತದೆ. ಆಗ ಕಪ್ಪು ಬೂದಿಯಾಗಿ, ಚಿತ್ರವೆಲ್ಲ ಹೊಗೆ ಕವಿದ ಹಾಗೆ ಕಾಣುತ್ತದೆ. ಅದನ್ನು ಸರಿಮಾಡಲು ನೀವು ಕಾಂಟ್ರಾಸ್ಟ್ ಏರಿಸುತ್ತೀರಿ, ಪ್ರಿಂಟ್‌ನಲ್ಲಿ ಕೂದಲೆಲ್ಲ ಮಸಿಯ ಮುದ್ದೆಯಾಗುತ್ತದೆ. ಎನ್‌ವಿಡಿಯಾ, ಇಂಟೆಲ್, ಎಎಂಡಿ ಯಾವುದೇ ಇರಲಿ, ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ರೇಂಜ್ 'ಫುಲ್' ಆಗಿದೆಯೇ, ಬಣ್ಣದ ವಿಧಾನ 'ಆರ್‌ಜಿಬಿ' ಆಗಿದೆಯೇ ನೋಡಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿದರೆ ಈ ಗೋಳು ತೀರಾ ಅಪರೂಪ.

ಕೆಂಪು ಸೀರೆ

ನಿಮ್ಮ ಸ್ನೇಹಿತರು ಅಡೋಬಿ ಆರ್‌ಜಿಬಿ ಬೇಕು ಅಂದದ್ದು ಬಹುಶಃ ಈ ಕೆಂಪಿನ ಕಾರಣಕ್ಕೆ. ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಇರುವುದು. ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿಯನ್ನು, ಅಂದರೆ ತೋರಿಸಬಹುದಾದ ಬಣ್ಣಗಳ ಎಲ್ಲೆಯನ್ನು, ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಕಂಪನಿಗಳು 1996ರಲ್ಲಿ ತಂದವು. ಅಡೋಬಿ ಆರ್‌ಜಿಬಿ ಬಂದದ್ದು 1998ರಲ್ಲಿ. ಅಡೋಬಿಯದು ಹೆಚ್ಚು ವಿಶಾಲ, ನಿಜ. ಆದರೆ ಎರಡರಲ್ಲೂ ಮೂಲ ಕೆಂಪು ಒಂದೇ, ಮೂಲ ನೀಲಿಯೂ ಒಂದೇ. ಬೇರೆಯಾಗಿರುವುದು ಹಸಿರು ಮಾತ್ರ. ಅಡೋಬಿ ಆರ್‌ಜಿಬಿ ಮಾನಿಟರ್‌ನಿಂದ ಲಾಭ ಕಾಣುವುದು ಹಸಿರು ಮತ್ತು ಹಸಿರು-ನೀಲಿ ಛಾಯೆಗಳಲ್ಲಿ. ಅಚ್ಚ ಕೆಂಪು ರೇಷ್ಮೆಗೆ ಅದು ಹೆಚ್ಚೇನೂ ಮಾಡದು. ಡಿಸ್‌ಪ್ಲೇ ಪಿ3 ಎಂಬ ಇನ್ನೊಂದು ವ್ಯಾಪ್ತಿಯಲ್ಲಿ ಕೆಂಪು ಸ್ವಲ್ಪ ಮುಂದೆ ಹೋಗುತ್ತದೆ, ಹೊಸ ಫೋನ್‌ಗಳಲ್ಲಿ ಸೀರೆ ಕಣ್ಣು ಕುಕ್ಕುವಂತೆ ಕಾಣುವುದಕ್ಕೆ ಅದೂ ಒಂದು ಕಾರಣ. ಆದರೆ ಆ ಕೆಂಪು ಲ್ಯಾಬ್‌ನ ಕಾಗದಕ್ಕೆ ಇಳಿಯುವುದಿಲ್ಲ.

ಸೀರೆಗೆ ಆಗಿರುವುದು ಇಷ್ಟು: ಫೈಲ್‌ನಲ್ಲಿ ಕೆಂಪು ಚಾನೆಲ್ ತುಂಬಿ ತುಳುಕಿದೆ. ಚಾನೆಲ್ಸ್ ಪ್ಯಾನೆಲ್ ತೆರೆದು 'ರೆಡ್' ಒಂದನ್ನೇ ಕ್ಲಿಕ್ ಮಾಡಿ. ಚಿತ್ರ ಕಪ್ಪು-ಬಿಳುಪಿನಲ್ಲಿ ಕಾಣುತ್ತದೆ. ಸೀರೆಯ ಜಾಗ ನೆರಿಗೆಯೇ ಇಲ್ಲದ ಬಿಳಿ ಹಾಳೆಯಂತೆ ಕಂಡರೆ ಅಲ್ಲಿ ಕೆಂಪಿನ ಅಂಕ ಎಲ್ಲೆಡೆ 255 ಮುಟ್ಟಿದೆ ಅಂತ ಅರ್ಥ. ನೆರಿಗೆಯ ಉಬ್ಬಿಗೂ ತಗ್ಗಿಗೂ ಒಂದೇ ಅಂಕ ಇದ್ದಮೇಲೆ ಯಾವ ಪರದೆ ತಾನೇ ಅದನ್ನು ಬಿಡಿಸಿ ತೋರಿಸೀತು? ಕಲ್ಯಾಣ ಮಂಟಪದ ಹಳದಿ ಎಲ್‌ಇಡಿ ದೀಪ, ಕ್ಯಾಮೆರಾದಲ್ಲಿ 'ವಿವಿಡ್' ಪ್ರೊಫೈಲ್, ಅದರ ಮೇಲೆ ಎಡಿಟಿಂಗ್‌ನಲ್ಲಿ ಸ್ಯಾಚುರೇಶನ್, ಮೂರೂ ಸೇರಿ ಹೀಗಾಗುತ್ತದೆ.

ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ ಇನ್ನೂ ಉಳಿಸಿಕೊಳ್ಳಬಹುದು. ಲೈಟ್‌ರೂಮ್‌ನಲ್ಲಿ ಪ್ರೊಫೈಲನ್ನು ನ್ಯೂಟ್ರಲ್‌ಗೆ ತಂದು, ಕಲರ್ ಮಿಕ್ಸರ್‌ನಲ್ಲಿ ಕೆಂಪಿನ ಸ್ಯಾಚುರೇಶನ್ 10ರಿಂದ 20 ಇಳಿಸಿ. ಹಿಸ್ಟೊಗ್ರಾಮ್‌ನ (ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳ ನಕ್ಷೆ) ಕೆಂಪು ಗುಡ್ಡ ಬಲಗೋಡೆಯಿಂದ ಹಿಂದೆ ಸರಿಯುವವರೆಗೆ ಇಳಿಸಿದರೆ ಜರಿಯ ಎಳೆ ಮತ್ತೆ ಕಾಣತೊಡಗುತ್ತದೆ. ಮುಖದ ತುಟಿ, ಕುಂಕುಮವೂ ಇದೇ ಕೆಂಪಿನಲ್ಲಿ ಇರುವುದರಿಂದ ಸೀರೆಗೆ ಮಾತ್ರ ಮಾಸ್ಕ್ ಹಾಕುವುದು ವಾಸಿ. ಜೆಪೆಗ್‌ನಲ್ಲೇ ಶೂಟ್ ಮಾಡಿದ್ದರೆ ಹೋದದ್ದು ಹೋಯಿತು. ಮುಂದಿನ ಮದುವೆಯಿಂದ ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮ್ ಹಾಕಿಕೊಂಡು ಕೆಂಪನ್ನು ಕಾಯಿರಿ.

ಅಡೋಬಿ ಆರ್‌ಜಿಬಿಯಲ್ಲಿ ಇನ್ನೊಂದು ಅಪಾಯವೂ ಇದೆ. ನಮ್ಮ ಕಡೆಯ ಆಲ್ಬಮ್ ಲ್ಯಾಬ್‌ಗಳು ಬಹುತೇಕ ಕೇಳುವುದು ಎಸ್‌ಆರ್‌ಜಿಬಿ ಜೆಪೆಗ್. ನೀವು ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿ ಕಳಿಸಿದಿರಿ, ಅಲ್ಲಿನ ಯಂತ್ರ ಅದನ್ನು ಎಸ್‌ಆರ್‌ಜಿಬಿ ಅಂತಲೇ ಓದಿತು ಅಂದುಕೊಳ್ಳಿ: ಬಣ್ಣಗಳೆಲ್ಲ ಬಾಡಿ ಮುಖಗಳು ಬಿಳಿಚಿಕೊಂಡು ಬರುತ್ತವೆ. ಲ್ಯಾಬ್‌ನವರನ್ನು ಕೇಳದೆ ಎಸ್‌ಆರ್‌ಜಿಬಿ ಬಿಟ್ಟು ಬೇರೆ ಯಾವುದನ್ನೂ ಕಳಿಸಬೇಡಿ. ಒಳ್ಳೆಯ ಇಂಕ್‌ಜೆಟ್ ಪ್ರಿಂಟರ್ ಇಟ್ಟುಕೊಂಡು, ಕಾಗದಕ್ಕೊಂದು ಪ್ರೊಫೈಲ್ ಮಾಡಿ, ತಾವೇ ದೊಡ್ಡ ಪ್ರಿಂಟ್ ತೆಗೆಯುವವರಿಗೆ ಅಡೋಬಿ ಆರ್‌ಜಿಬಿ ಮಾನಿಟರ್ ಉಪಯೋಗಕ್ಕೆ ಬರುತ್ತದೆ. ರಂಗನತಿಟ್ಟಿನ ಹಕ್ಕಿ ಚಿತ್ರಗಳನ್ನು ಪ್ರದರ್ಶನಕ್ಕೆ ಪ್ರಿಂಟ್ ಮಾಡುವವರು ಅದಕ್ಕೆ ದುಡ್ಡು ಹಾಕಲಿ. ಮದುವೆ ಆಲ್ಬಮ್‌ಗೆ ಈಗ ಅದರ ಅಗತ್ಯ ಇಲ್ಲ.

ಹಾಗಾದರೆ ಯಾವ ಮಾನಿಟರ್

ಎಲ್‌ಸಿಡಿ ಪರದೆಯ ಪ್ಯಾನೆಲ್‌ನಲ್ಲಿ ಐಪಿಎಸ್, ಟಿಎನ್, ವಿಎ ಎಂಬ ಮೂರು ಮುಖ್ಯ ಬಗೆ. ಐಪಿಎಸ್ ಪ್ಯಾನೆಲ್ ಇರಬೇಕು, ಇದರಲ್ಲಿ ರಾಜಿ ಬೇಡ. ಟಿಎನ್ ಪ್ಯಾನೆಲ್‌ನಲ್ಲಿ ನೀವು ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದರೂ ಬಣ್ಣ ಬದಲಾಗುತ್ತದೆ. ಕರ್ವ್ಡ್ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ವಿಎ. ಐಪಿಎಸ್‌ನ ಕಾಂಟ್ರಾಸ್ಟ್ ಸುಮಾರು 1000:1 ಇದ್ದರೆ ವಿಎದು 3000:1ರ ಆಸುಪಾಸು, ಆದ್ದರಿಂದ ಸಿನಿಮಾ ನೋಡಲು ಅದು ಚೆಂದ. ಆದರೆ ವಿಎ ಪರದೆಯನ್ನು ಎದುರಿಂದ ನೋಡಿದಾಗ ಗಾಢ ಛಾಯೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಓರೆಯಿಂದ ನೋಡಿದಾಗ ಅವೇ ತೇಲಿ ಬೆಳ್ಳಗಾಗುತ್ತವೆ. 32 ಇಂಚಿನ ಪರದೆಯ ಮುಂದೆ ಕೂತರೆ ಮಧ್ಯಭಾಗ ಎದುರಿಗಿರುತ್ತದೆ, ಅಂಚುಗಳು ಓರೆಯಲ್ಲಿರುತ್ತವೆ. ಮೊಗ್ಗಿನ ಜಡೆ ಹಾಕಿದ ಹುಡುಗಿಯ ಫೋಟೊ ಮಧ್ಯದಲ್ಲಿಟ್ಟಾಗ ಒಂದು ಥರ, ಅಂಚಿಗೆ ಎಳೆದಾಗ ಇನ್ನೊಂದು ಥರ ಕಂಡರೆ ನೀವು ಯಾವುದನ್ನು ನಂಬುತ್ತೀರಿ? ಮೇಲಾಗಿ ಬಾಗಿದ ಪರದೆಯಲ್ಲಿ ಆಲ್ಬಮ್ ಶೀಟ್‌ನ ನೇರ ಗೆರೆ ನೇರವಾಗಿದೆಯೇ ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ.

165 ಹರ್ಟ್ಸ್ ಗೇಮ್ ಆಡುವವರಿಗೆ. ಅದರಿಂದ ಹಾನಿಯಿಲ್ಲ, ಆದರೆ ನಿಶ್ಚಲ ಚಿತ್ರಕ್ಕೆ 60 ಹರ್ಟ್ಸ್ ಸಾಕು. ಈ ಬೆಲೆಯ ಮಾನಿಟರ್‌ಗೆ ಅಂಟಿಸಿರುವ ಎಚ್‌ಡಿಆರ್ 400 ಚೀಟಿಯಿಂದಲೂ ಪ್ರಿಂಟ್ ಕೆಲಸಕ್ಕೆ ಏನೂ ಲಾಭವಿಲ್ಲ. ಒಂದು ಮಿಲಿಸೆಕೆಂಡ್, ಕೋಟಿಗಟ್ಟಲೆ ಕಾಂಟ್ರಾಸ್ಟ್ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನು ಓದಲೇಬೇಡಿ.

ಓದಬೇಕಾದದ್ದು ಬಣ್ಣದ ವ್ಯಾಪ್ತಿಯ ಸಾಲು. ಅಲ್ಲಿ ಎಸ್‌ಆರ್‌ಜಿಬಿ ಶೇ 99 ಅಥವಾ 100 'ಕವರೇಜ್' ಅಂತ ಇರಬೇಕು. ಶೇ 125 ಎಸ್‌ಆರ್‌ಜಿಬಿ ಅಂತ ಇದ್ದರೆ ಅದು ಒಟ್ಟು ವಿಸ್ತೀರ್ಣದ ಲೆಕ್ಕ. ಹೊಲದ ವಿಸ್ತೀರ್ಣ ಎರಡು ಎಕರೆ ಅಂದ ಮಾತ್ರಕ್ಕೆ ನಿಮಗೆ ಬೇಕಾದ ಮೂಲೆ ಅದರೊಳಗೆ ಬಿತ್ತು ಅಂತ ಆಗುವುದಿಲ್ಲವಲ್ಲ, ಹಾಗೆ. ಕೆಲವು ಕಡೆ ಶೇ 72 ಎನ್‌ಟಿಎಸ್‌ಸಿ (ಹಳೆಯ ಟಿವಿ ಬಣ್ಣದ ಮಾನದಂಡ) ಅಂತ ಬರೆದಿರುತ್ತಾರೆ. ವಿಸ್ತೀರ್ಣದಲ್ಲಿ ಅದು ಹೆಚ್ಚುಕಡಿಮೆ ಎಸ್‌ಆರ್‌ಜಿಬಿಗೆ ಸಮ. ಶೇ 45 ಎನ್‌ಟಿಎಸ್‌ಸಿ ಅಂತ ಇದ್ದರೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲೂ ತುಂಬುವುದಿಲ್ಲ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಇದೇ. ಮಂಟಪದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಬಣ್ಣ ತಿದ್ದುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ, ಅಲ್ಲಿ ಫೋಟೊ ಆರಿಸುವ ಕೆಲಸವನ್ನಷ್ಟೇ ಮಾಡಿ.

ಇನ್ನೊಂದು ಅಂಕ ಡೆಲ್ಟಾ ಇ. ತೋರಿಸಬೇಕಾದ ಬಣ್ಣಕ್ಕೂ ತೋರಿಸುವ ಬಣ್ಣಕ್ಕೂ ಇರುವ ಅಂತರದ ಅಳತೆ ಅದು. 2ಕ್ಕಿಂತ ಕಡಿಮೆ ಇದ್ದರೆ ಫೋಟೊದಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಕಾರ್ಖಾನೆಯಲ್ಲೇ ಅಳೆದು, ಆ ವರದಿಯ ಹಾಳೆಯನ್ನು ಡಬ್ಬಿಯಲ್ಲಿಟ್ಟು ಕಳಿಸುವ ಮಾನಿಟರ್‌ಗಳಿವೆ. ಅಸೂಸ್ ಪ್ರೊಆರ್ಟ್, ಬೆನ್‌ಕ್ಯೂ ಪಿಡಿ, ಡೆಲ್ ಅಲ್ಟ್ರಾಶಾರ್ಪ್, ವ್ಯೂಸಾನಿಕ್ ಕಲರ್‌ಪ್ರೊ ಸರಣಿಗಳಲ್ಲಿ ಹುಡುಕಿ. ಪ್ರೊಆರ್ಟ್‌ನಲ್ಲಿ ಪಿಎ278ಕ್ಯೂವಿ ಎಂಬ 27 ಇಂಚಿನದು, ಪಿಎ248ಕ್ಯೂವಿ ಎಂಬ 24 ಇಂಚಿನದು ನಿಮ್ಮಂಥ ಕೆಲಸಕ್ಕೆ ಮಾದರಿ: ಎರಡೂ ಐಪಿಎಸ್, ಎರಡೂ ಶೇ 100 ಎಸ್‌ಆರ್‌ಜಿಬಿ. ಮಾಡೆಲ್ ನಂಬರ್‌ಗಳು ಬದಲಾಗುತ್ತಲೇ ಇರುತ್ತವೆ, ಅಂಗಡಿಯಲ್ಲಿ ಇರುವುದನ್ನು ಈ ಗುಣಗಳ ಜೊತೆ ಹೋಲಿಸಿ ನೋಡಿ. ಬೆನ್‌ಕ್ಯೂ ಎಸ್‌ಡಬ್ಲ್ಯೂ, ಐಜೊ ಕಲರ್‌ಎಡ್ಜ್ ಬಲು ಒಳ್ಳೆಯವು, ಆದರೆ ನಿಮ್ಮ 30,000ದ ಆಚೆಗಿನವು.

ಗಾತ್ರದ ವಿಷಯಕ್ಕೆ ಬಂದರೆ 27 ಇಂಚಿಗೆ 2560×1440 ಹೊಂದುತ್ತದೆ. ಇಂಚಿಗೆ ಸುಮಾರು 109 ಪಿಕ್ಸೆಲ್ ಬರುತ್ತದೆ, ಅಕ್ಷರಗಳೂ ಓದುವ ಗಾತ್ರದಲ್ಲಿರುತ್ತವೆ. ಅದೇ 27 ಇಂಚಿನಲ್ಲಿ ಫುಲ್ ಎಚ್‌ಡಿ ತೆಗೆದುಕೊಂಡರೆ ಇಂಚಿಗೆ 82 ಮಾತ್ರ. ಕಣ್ರೆಪ್ಪೆ ಶಾರ್ಪ್ ಆಗಿದೆಯೋ ಇಲ್ಲವೋ ಹೇಳಲಾಗದು, ನೀವು ಬೇಕಿಲ್ಲದಷ್ಟು ಶಾರ್ಪನಿಂಗ್ ಹಾಕುತ್ತೀರಿ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಪಿಕ್ಸೆಲ್, ನೋಡಲು ನುಣುಪು. ಆದರೆ ವಿಂಡೋಸ್ ಸ್ಕೇಲಿಂಗ್ ಶೇ 150 ಇಡಬೇಕಾಗುತ್ತದೆ, ಹಳೆಯ ಆಲ್ಬಮ್ ಸಾಫ್ಟ್‌ವೇರ್‌ಗಳ ಮೆನು ಇರುವೆಯಷ್ಟಾಗುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ 1.4 ಮಾತ್ರ ಇದ್ದರೆ 4ಕೆ 30 ಹರ್ಟ್ಸ್‌ನಲ್ಲೇ ಓಡುತ್ತದೆ, ಮೌಸ್ ಎಳೆದೆಳೆದು ಬರುತ್ತದೆ. 12×36 ಇಂಚಿನ ಶೀಟ್ 300 ಡಿಪಿಐಗೆ 3600×10800 ಪಿಕ್ಸೆಲ್ ಆಗುತ್ತದೆ. ಅದನ್ನು ಪೂರ್ತಿ ಯಾವ ಪರದೆಯೂ ತೋರಿಸದು, ಶಾರ್ಪ್‌ನೆಸ್ ನೋಡಲು ಹೇಗೂ ಶೇ 100ಕ್ಕೆ ಝೂಮ್ ಮಾಡಲೇಬೇಕು. ಇದೇ ಬೆಲೆಯಲ್ಲಿ ಬಣ್ಣ ಸುಮಾರಾಗಿರುವ 4ಕೆಯೂ ಬಣ್ಣ ಖಚಿತವಾಗಿರುವ 1440 ಸಾಲಿನದೂ ಸಿಕ್ಕರೆ ಎರಡನೆಯದನ್ನೇ ತೆಗೆದುಕೊಳ್ಳಿ.

ಟಿವಿ ಬೇಡ. ಅದು ಚಿತ್ರವನ್ನು ತಾನೇ ಶಾರ್ಪ್ ಮಾಡುತ್ತದೆ, ಬಣ್ಣ ಏರಿಸುತ್ತದೆ, ಕೆಲವು ಅಂಚನ್ನೂ ಕತ್ತರಿಸುತ್ತವೆ. ಗ್ರಾಹಕರಿಗೆ ಸ್ಲೈಡ್‌ಶೋ ತೋರಿಸಲು ಗೋಡೆಗೆ ಹಾಕಿಕೊಳ್ಳಿ.

10 ಬಿಟ್ ಬಗ್ಗೆ ಯಾರಾದರೂ ಹೇಳಿದರೆ ಇಷ್ಟು ತಿಳಿದಿರಲಿ: 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಮೇಲುಕೋಟೆಯ ಬೆಟ್ಟದ ಹಿಂದಿನ ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಬರುವುದು ಇದರಿಂದ ಕಡಿಮೆಯಾಗಬಹುದು, ಆದರೆ ಗ್ರಾಫಿಕ್ಸ್ ಕಾರ್ಡ್, ಡ್ರೈವರ್, ಸಾಫ್ಟ್‌ವೇರ್ ಮೂರೂ ಅದಕ್ಕೆ ಒಗ್ಗಬೇಕು. ಕೊನೆಗೆ ಲ್ಯಾಬ್‌ಗೆ ಹೋಗುವ ಜೆಪೆಗ್ ಹೇಗೂ 8 ಬಿಟ್. ನಿಜವಾದ 8 ಬಿಟ್ ಇದ್ದರೆ ಸಾಕು, 6 ಬಿಟ್‌ಗೆ ಎಫ್‌ಆರ್‌ಸಿ (ಎರಡು ಛಾಯೆಗಳನ್ನು ವೇಗವಾಗಿ ಅದಲುಬದಲು ಮಾಡಿ ನಡುವಿನ ಛಾಯೆ ತೋರಿಸುವ ಉಪಾಯ) ಸೇರಿಸಿದ್ದು ಬೇಡ.

ಅಂಗಡಿಯಲ್ಲಿ

ಪೆನ್‌ಡ್ರೈವ್‌ನಲ್ಲಿ ಐದು ಚಿತ್ರ ಒಯ್ಯಿರಿ: ಪೂರ್ತಿ ಕಪ್ಪು, ಪೂರ್ತಿ ಬಿಳಿ, 128-128-128ರ ಬೂದು, ಕಪ್ಪಿನಿಂದ ಬಿಳಿಗೆ ಹೋಗುವ ಒಂದು ಗ್ರೇಡಿಯಂಟ್, ಮತ್ತು ಮೊಗ್ಗಿನ ಜಡೆಯ ನಿಮ್ಮದೇ ಒಂದು ಫೋಟೊ. ಬೂದು ಹಾಕಿ ನಾಲ್ಕೂ ಮೂಲೆ ನೋಡಿ. ಒಂದು ಬದಿ ಗುಲಾಬಿ, ಇನ್ನೊಂದು ಬದಿ ಹಸಿರು ಕಂಡರೆ ಆ ಪೀಸ್ ಬೇಡ, ಇನ್ನೊಂದು ತೆಗೆಸಿ. ಯಾವ ಕ್ಯಾಲಿಬ್ರೇಟರೂ ಅದನ್ನು ಸರಿಮಾಡದು, ಏಕೆಂದರೆ ಅದು ಅಳೆಯುವುದು ಮಧ್ಯಭಾಗವನ್ನು ಮಾತ್ರ. ಕಪ್ಪು ಹಾಕಿದಾಗ ಮೂಲೆಯಲ್ಲಿ ಚೂರು ಬೆಳಕು ಸೋರುವುದು ಐಪಿಎಸ್‌ನಲ್ಲಿ ಸಹಜ, ದೊಡ್ಡ ಮಚ್ಚೆ ಇರಬಾರದು. ಬಿಳಿಯಲ್ಲೂ ಕಪ್ಪಿನಲ್ಲೂ ಸತ್ತ ಪಿಕ್ಸೆಲ್ ಹುಡುಕಿ. ಒಂದೆರಡು ಸತ್ತ ಪಿಕ್ಸೆಲ್‌ಗೆ ಅನೇಕ ಕಂಪನಿಗಳು ಮಾನಿಟರ್ ಬದಲಿಸಿಕೊಡುವುದಿಲ್ಲ, ಬಿಲ್ ಹಾಕಿಸುವ ಮುಂಚೆ ಕೇಳಿ. ಆಮೇಲೆ ಜಡೆಯ ಫೋಟೊ: ಮೊಗ್ಗುಗಳ ಬಿಳಿಯಲ್ಲಿ ಒಂದೊಂದು ಮೊಗ್ಗೂ ಬೇರೆಯಾಗಿ ಕಾಣಬೇಕು, ಅದರ ಪಕ್ಕದ ಕೂದಲಲ್ಲಿ ಎಳೆ ಕಾಣಬೇಕು. ಎರಡೂ ಒಟ್ಟಿಗೆ ಕಂಡರೆ ಆ ಪರದೆಯ ಮೇಲೆ ನಂಬಿಕೆ ಇಡಬಹುದು. ಕುಳಿತು ನೋಡಿ, ನಿಂತು ನೋಡಿ, ಪಕ್ಕಕ್ಕೆ ಸರಿದು ನೋಡಿ.

ಸ್ಟ್ಯಾಂಡ್ ಎತ್ತರ ಹೊಂದಿಸುವಂತಿರಲಿ. ವಾರಂಟಿಗೆ ಮನೆಗೇ ಬರುತ್ತಾರೋ, ಮೈಸೂರಿಗೋ ಬೆಂಗಳೂರಿಗೋ ಹೊತ್ತುಕೊಂಡು ಹೋಗಬೇಕೋ ಕೇಳಿ. ಡಬ್ಬಿ, ಥರ್ಮಾಕೋಲ್ ಎಸೆಯಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪ್ರೊಫೆಷನಲ್ ಮಾನಿಟರ್ ನೋಡುವ ಆಸೆಯಾದರೆ, ಮೆನುವಿನಲ್ಲಿ ಎಷ್ಟು ಗಂಟೆ ಓಡಿದೆ ಅಂತ ಕೆಲವು ತೋರಿಸುತ್ತವೆ, ಅದನ್ನು ನೋಡಿ. ಹಿಂಬೆಳಕು ಹಳೆಯದಾದಂತೆ ಮಂಕಾಗುತ್ತದೆ, ಬಣ್ಣವೂ ಸರಿಯುತ್ತದೆ.

ಕ್ಯಾಲಿಬ್ರೇಟರ್

ಬೇಕು. ಕಬ್ಬಿನ ತೂಕದಲ್ಲಿ ಅನುಮಾನ ಬಂದರೆ ಯಾರೂ ಟ್ರ್ಯಾಕ್ಟರ್ ಬದಲಿಸುವುದಿಲ್ಲ, ವೇಬ್ರಿಡ್ಜ್ ಮೇಲೆ ಗೊತ್ತಿರುವ ತೂಕದ ಕಲ್ಲಿಟ್ಟು ನೋಡುತ್ತಾರೆ. ಕ್ಯಾಲಿಬ್ರೇಟರ್ ಆ ಕಲ್ಲಿನ ಕೆಲಸ ಮಾಡುತ್ತದೆ. ಡೇಟಾಕಲರ್ ಸ್ಪೈಡರ್, ಕ್ಯಾಲಿಬ್ರೈಟ್ ಡಿಸ್‌ಪ್ಲೇ ಸಿಗುವ ಎರಡು ಹೆಸರು. ಖರ್ಚು ಐದಂಕಿಗೆ ಹೋಗುತ್ತದೆ. ಆದರೆ ತಿಂಗಳಿಗೆ ಕಾಲು ಗಂಟೆಯ ಕೆಲಸ ಇದು. ಮಂಡ್ಯದಲ್ಲೇ ಮೂರು ನಾಲ್ಕು ಸ್ಟುಡಿಯೊದವರು ಸೇರಿ ಒಂದನ್ನು ಕೊಂಡರೆ ತಲಾ ಹೊರೆ ಹಗುರ. ನಿಮ್ಮ 30,000ದಲ್ಲಿ ಮಾನಿಟರ್‌ಗೆ ಮೂರರಲ್ಲಿ ಎರಡು ಪಾಲು ಇಟ್ಟು, ಉಳಿದದ್ದನ್ನು ಇದಕ್ಕೂ ಕೋಣೆಯ ದೀಪಕ್ಕೂ ಇಟ್ಟುಕೊಳ್ಳಿ. ಪೂರ್ತಿ ದುಡ್ಡು ಮಾನಿಟರ್‌ಗೇ ಸುರಿದು ಅಳತೆ ಇಲ್ಲದೆ ಕೂತರೆ ವರ್ಷ ಕಳೆಯುವಷ್ಟರಲ್ಲಿ ಅದೂ ಸರಿದುಹೋಗಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಮಾಡುವ ಬಗೆ ಹೀಗೆ. ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಸಾಫ್ಟ್‌ವೇರ್‌ನಲ್ಲಿ ಹಿಂಬೆಳಕಿನ ವಿಧ ಸರಿಯಾಗಿ ಆರಿಸಿ, ಎಸ್‌ಆರ್‌ಜಿಬಿ ಐಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬಿಳಿ ಎಲ್‌ಇಡಿ. ಇದು ತಪ್ಪಿದರೆ ಬಿಳಿಯೇ ತಪ್ಪಾಗುತ್ತದೆ. ಗುರಿ: ಬಿಳಿ 6500ಕೆ, ಗಾಮಾ (ನಡುವಿನ ಛಾಯೆಗಳು ಎಷ್ಟು ಬೆಳ್ಳಗೆ ಕಾಣಬೇಕು ಎಂಬ ಅಳತೆ) 2.2, ಬೆಳಕು 100 ನಿಟ್. ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಸಾಧನ ಅಂಟಿ ಕೂರುವಂತೆ ಮಾಡಿ, ಕೋಣೆಯ ದೀಪ ಆರಿಸಿ. ಬ್ರೈಟ್‌ನೆಸ್ ಮತ್ತು ಮೂರು ಬಣ್ಣದ ಗೇನ್ ಅನ್ನು ಮಾನಿಟರ್ ಮೆನುವಿನಲ್ಲೇ ಗುರಿಯ ಹತ್ತಿರ ತನ್ನಿ, ಉಳಿದ ಚೂರುಪಾರನ್ನು ಸಾಫ್ಟ್‌ವೇರ್ ಮಾಡಲಿ. ಎಲ್ಲವನ್ನೂ ಅದಕ್ಕೇ ಬಿಟ್ಟರೆ ಗ್ರೇಡಿಯಂಟ್‌ನಲ್ಲಿ ಪಟ್ಟೆಗಳು ಏಳುತ್ತವೆ. ಮುಗಿದ ಮೇಲೆ ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಪ್ರೊಫೈಲೇ ಡಿಫಾಲ್ಟ್ ಆಗಿದೆಯೇ ನೋಡಿ. ಆಮೇಲೆ ಮಾನಿಟರ್‌ನ ಒಂದು ಗುಂಡಿಯನ್ನೂ ಮುಟ್ಟಬೇಡಿ, ಅಂಗಡಿಯ ಹುಡುಗರಿಗೂ ಹೇಳಿಡಿ.

ಕೋಣೆಯ ಬಗ್ಗೆ ಎರಡು ಮಾತು. ರಸ್ತೆಗೆ ಗಾಜಿನ ಮುಂಭಾಗ ಇರುವ ಸ್ಟುಡಿಯೊದಲ್ಲಿ ಬೆಳಗ್ಗೆ ಒಂದು ಬೆಳಕು, ಮಧ್ಯಾಹ್ನ ಇನ್ನೊಂದು. ಪರದೆಯನ್ನು ಬಾಗಿಲಿಗೆ ಬೆನ್ನು ಅಥವಾ ಪಕ್ಕ ಮಾಡಿ ಇಟ್ಟು ಕರ್ಟನ್ ಹಾಕಿ. ಮಾನಿಟರ್ ಹಿಂದಿನ ಗೋಡೆ ಕಡುಹಸಿರೋ ಗುಲಾಬಿಯೋ ಇದ್ದರೆ ಅಷ್ಟು ಜಾಗಕ್ಕೆ ತಿಳಿಬೂದು ಬಳಿಸಿ. ಡೆಸ್ಕ್‌ಟಾಪ್ ವಾಲ್‌ಪೇಪರೂ ಬೂದು ಇರಲಿ. ಪ್ರಿಂಟ್ ನೋಡುವ ಜಾಗದಲ್ಲಿ 5000ಕೆಯಿಂದ 6500ಕೆ ನಡುವಿನ, ಸಿಆರ್‌ಐ (ದೀಪದ ಕೆಳಗೆ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಟ್ಯೂಬ್ ಹಾಕಿ. ಹಳದಿ ಬಲ್ಬ್ ಕೆಳಗೆ ಯಾವ ಧಾರೆ ಸೀರೆಯೂ ಹಳದಿಯೇ.

ಕ್ಯಾಲಿಬ್ರೇಟರ್ ಬರುವವರೆಗೆ ಒಂದು ತಾತ್ಕಾಲಿಕ ದಾರಿ ಇದೆ. ಬಿಳಿ ಪಂಚೆ, ಮುಖ, ಕಪ್ಪು ಕೂದಲು, ಬೂದು ಚೌಕಗಳು ಇರುವ ಒಂದು 8×12 ಫೈಲ್ ಮಾಡಿ. ಪಂಚೆಯ ಅಂಕಗಳನ್ನು ಐಡ್ರಾಪರ್‌ನಿಂದ ಸರಿಮಾಡಿ, ಕಣ್ಣಂದಾಜು ಬೇಡ. ಲ್ಯಾಬ್‌ಗೆ ಕೊಡುವಾಗ 'ಯಾವ ಕರೆಕ್ಷನ್ನೂ ಹಾಕಬೇಡಿ' ಅಂತ ಬರೆದುಕೊಡಿ. ಇದು ಮುಖ್ಯ, ಏಕೆಂದರೆ ಆಪರೇಟರ್ ಕಪ್ಪಾಗಿ ಕಂಡ ಫೈಲನ್ನು ತಾವೇ ಬೆಳಗಿಸುವುದುಂಟು, ಆಗ ನಿಮ್ಮ ಹೋಲಿಕೆಯೇ ಸುಳ್ಳಾಗುತ್ತದೆ. ಪ್ರಿಂಟ್ ಬಂದ ಮೇಲೆ ಆ ಎಲ್‌ಇಡಿ ಟ್ಯೂಬ್ ಕೆಳಗೆ ಹಿಡಿದು, ಪಕ್ಕದ ಪರದೆಯಲ್ಲಿ ಅದೇ ಫೈಲ್ ತೆರೆದು, ಕಾಗದದ ಬಿಳಿಗೂ ಪರದೆಯ ಬಿಳಿಗೂ ಹೊಂದುವವರೆಗೆ ಮಾನಿಟರ್ ಬ್ರೈಟ್‌ನೆಸ್ ಇಳಿಸಿ ಏರಿಸಿ. ಬದಲಿಸುವುದು ಮಾನಿಟರನ್ನು ಮಾತ್ರ, ಫೈಲನ್ನಲ್ಲ. ಆ ಪ್ರಿಂಟನ್ನು ಬಿಸಿಲು ತಾಗದ ಕಡೆ ಎತ್ತಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಲ್ಯಾಬ್‌ನವರು ತಮ್ಮ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣಗಳು ಹೇಗೆ ಬರುತ್ತವೆ ಎಂದು ಹೇಳುವ ಸಣ್ಣ ಫೈಲ್) ಕೊಟ್ಟರೆ ಕೇಳಿ ತನ್ನಿ. ಫೋಟೊಶಾಪ್‌ನ ವ್ಯೂ ಮೆನುವಿನಲ್ಲಿ ಪ್ರೂಫ್ ಸೆಟಪ್, ಕಸ್ಟಮ್‌ಗೆ ಹೋಗಿ ಅದನ್ನು ಆರಿಸಿ. ಆಮೇಲೆ ಕಂಟ್ರೋಲ್-ವೈ ಒತ್ತಿದರೆ ಕಾಗದದ ಮೇಲೆ ಹೇಗೆ ಬರುತ್ತದೆ ಅಂತ ಅಂದಾಜು ಕಾಣುತ್ತದೆ, ಶಿಫ್ಟ್-ಕಂಟ್ರೋಲ್-ವೈ ಒತ್ತಿದರೆ ಕಾಗದಕ್ಕೆ ಸಿಗದ ಬಣ್ಣಗಳ ಮೇಲೆ ಬೂದು ಬಳಿಯುತ್ತದೆ. ಆರತಕ್ಷತೆಯ ಸೀರೆ ತುಂಬ ಬೂದು ಹರಡಿದರೆ ಶೀಟ್ ಕಳಿಸುವ ಮುಂಚೆಯೇ ಕೆಂಪನ್ನು ಇಳಿಸಬಹುದು.

ಮದುವೆ ಮನೆಯವರು ಫೋನ್‌ನಲ್ಲಿ ಚೆನ್ನಾಗಿತ್ತು, ಆಲ್ಬಮ್‌ನಲ್ಲಿ ಇಲ್ಲ ಅನ್ನುವುದೂ ಇರುತ್ತದೆ. ಫೋನ್‌ಗಳು 'ವಿವಿಡ್' ಮೋಡ್‌ನಲ್ಲಿ, ಬಿಸಿಲಿಗೆ ತಕ್ಕ ಬೆಳಕಿನಲ್ಲಿ ಇರುತ್ತವೆ. ವಾಟ್ಸಾಪ್‌ನಲ್ಲಿ ಶೀಟ್ ಕಳಿಸಿ ಒಪ್ಪಿಗೆ ಪಡೆಯುವುದು ಲೇಔಟ್‌ಗೆ, ಹೆಸರಿನ ಕಾಗುಣಿತಕ್ಕೆ ಸರಿ. ಬಣ್ಣಕ್ಕೆ ಒಪ್ಪಿಗೆ ಬೇಕಿದ್ದರೆ ಒಂದು ಶೀಟನ್ನು ಮೊದಲು ಪ್ರಿಂಟ್ ಹಾಕಿಸಿ, ಮದುಮಗಳಿಗೇ ಸೀರೆಯ ಜೊತೆ ಇಟ್ಟು ತೋರಿಸಿ, ಆಮೇಲೆ ಉಳಿದ ನಲವತ್ತನ್ನು ಕಳಿಸಿ.